ಬ್ಯಾಟರಿಗಳ ಸಮಾಂತರ ಜೋಡಣೆ: ಒಟ್ಟು ಶಕ್ತಿಯ ಲೆಕ್ಕ ಹಾಕುವುದು ಹೇಗೆ?

ಬ್ಯಾಟರಿಯು ಇಂದು ಟ್ರ್ಯಾಕ್ಟರನ್ನು ಚಾಲೂ ಮಾಡುವ ಸಾಧನವಾಗಿ ಮಾತ್ರ ಉಳಿದಿಲ್ಲ. ಹಾಸನ ತಾಲ್ಲೂಕಿನ ಆಲೂಗೆಡ್ಡೆ ಹೊಲಗಳಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪರಣಾ ಯಂತ್ರಕ್ಕೆ ಬ್ಯಾಟರಿ ಬೇಕು. ಅರಕಲಗೂಡು ತಾಲ್ಲೂಕಿನಲ್ಲಿ ಆನೆ ಮತ್ತು ಕಾಡುಹಂದಿಗಳನ್ನು ತಡೆಯಲು ಹಾಕುವ ಸೌರಬೇಲಿಗೆ ಬ್ಯಾಟರಿಯೇ ಜೀವ. ಚನ್ನರಾಯಪಟ್ಟಣದ ತೆಂಗಿನ ತೋಟದ ಮನೆಯಲ್ಲಿಯೂ, ಹೊಳೆನರಸೀಪುರದ ಭತ್ತದ ರೈತನ ಮನೆಯಲ್ಲಿಯೂ ವಿದ್ಯುತ್ ನಿಂತಾಗ ದೀಪ, ಫ್ಯಾನು ನಡೆಸುವುದು ಇನ್ವರ್ಟರಿಗೆ ಜೋಡಿಸಿದ ಬ್ಯಾಟರಿಯೇ.

ಒಂದು ಬ್ಯಾಟರಿ ಸಾಲದೆ ಬಂದಾಗ ರೈತರು ಇನ್ನೊಂದನ್ನು ತಂದು ಪಕ್ಕದಲ್ಲಿಟ್ಟು ತಂತಿಯಿಂದ ಜೋಡಿಸುತ್ತಾರೆ. ಎರಡು ಬ್ಯಾಟರಿ ಇಟ್ಟರೆ ಶಕ್ತಿ ಎರಡರಷ್ಟಾಗುತ್ತದೆ ಎಂಬ ನಂಬಿಕೆ ಸಾಮಾನ್ಯ. ಈ ನಂಬಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಾವುದು ಎರಡರಷ್ಟಾಗುತ್ತದೆ, ಯಾವುದು ಇದ್ದ ಹಾಗೆಯೇ ಉಳಿಯುತ್ತದೆ ಎಂಬುದನ್ನು ತಿಳಿಯದೆ ಮಾಡಿದ ಜೋಡಣೆಯಿಂದ ಹಣ ವ್ಯರ್ಥವಾಗುವುದಲ್ಲದೆ, ಕೊಯ್ಲಿಗೆ ಬಂದ ಪೈರಿನ ಸುತ್ತಲಿನ ಬೇಲಿ ನಡುರಾತ್ರಿಯಲ್ಲಿ ಸತ್ತು ಹೋಗುವುದೂ ಉಂಟು. ಈ ಲೆಕ್ಕ ಕಷ್ಟವಾದುದಲ್ಲ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಮೂರು ಅಳತೆಗಳು

ಬ್ಯಾಟರಿಯ ಲೆಕ್ಕದಲ್ಲಿ ಮೂರು ಅಳತೆಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕು.

ವೋಲ್ಟ್: ಇದು ವಿದ್ಯುತ್ತಿನ ಒತ್ತಡದ ಅಳತೆ. ತೊಟ್ಟಿಯಲ್ಲಿ ನೀರು ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ತಕ್ಕಂತೆ ಕೊಳಾಯಿಯಲ್ಲಿ ಒತ್ತಡವಿರುವಂತೆ ಇದನ್ನು ತಿಳಿಯಬಹುದು. ಸೀಸ ಮತ್ತು ಆಮ್ಲದ ಬ್ಯಾಟರಿಯ ಒಂದು ಕೋಶವು ಸುಮಾರು 2 ವೋಲ್ಟ್ ಕೊಡುತ್ತದೆ. ಇಂತಹ 6 ಕೋಶಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದಾಗ 12 ವೋಲ್ಟಿನ ಬ್ಯಾಟರಿಯಾಗುತ್ತದೆ.

ಆಂಪಿಯರ್: ಇದು ಹರಿವಿನ ಅಳತೆ. ಕೊಳಾಯಿಯಿಂದ ಒಂದು ಗಳಿಗೆಗೆ ಎಷ್ಟು ನೀರು ಬರುತ್ತದೆ ಎನ್ನುವ ಹಾಗೆ.

ಆಂಪಿಯರ್-ಗಂಟೆ: ಇದು ಸಂಗ್ರಹದ ಅಳತೆ. ತೊಟ್ಟಿಯಲ್ಲಿ ಒಟ್ಟು ಎಷ್ಟು ನೀರು ಹಿಡಿಯುತ್ತದೆ ಎನ್ನುವ ಹಾಗೆ. 5 ಆಂಪಿಯರಿನಂತೆ 20 ಗಂಟೆ ಕಾಲ ವಿದ್ಯುತ್ತನ್ನು ಕೊಡಬಲ್ಲ ಬ್ಯಾಟರಿಯು 100 ಆಂಪಿಯರ್-ಗಂಟೆಯದು.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಇದೇ ಆ ಕ್ಷಣದ ಶಕ್ತಿ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಬರುತ್ತದೆ. ಇದು ಒಟ್ಟು ಸಂಗ್ರಹ. ವಿದ್ಯುತ್ ಬಿಲ್ಲಿನಲ್ಲಿ ಒಂದು ಯೂನಿಟ್ ಎಂದರೆ ಇಂತಹ 1000 ವ್ಯಾಟ್-ಗಂಟೆ. 12 ವೋಲ್ಟಿನ 100 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ, ಅಂದರೆ ಹೆಚ್ಚೆಂದರೆ ಒಂದೂಕಾಲು ಯೂನಿಟಿಗೆ ಸ್ವಲ್ಪ ಕಡಿಮೆ ವಿದ್ಯುತ್ ಇರುತ್ತದೆ. ಇಷ್ಟು ದೊಡ್ಡ, ಭಾರವಾದ ಪೆಟ್ಟಿಗೆಯಲ್ಲಿ ಇಷ್ಟೇ ವಿದ್ಯುತ್ ಎಂಬುದನ್ನು ಮೊದಲು ಮನಗಾಣಬೇಕು.

ಸರಣಿ ಜೋಡಣೆ ಮತ್ತು ಸಮಾಂತರ ಜೋಡಣೆ

ಬ್ಯಾಟರಿಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು.

ಒಂದರ ಧನಾಗ್ರವನ್ನು ಇನ್ನೊಂದರ ಋಣಾಗ್ರಕ್ಕೆ ಜೋಡಿಸುತ್ತಾ ಹೋದರೆ ಅದು ಸರಣಿ ಜೋಡಣೆ. ತೊಟ್ಟಿಯ ಮೇಲೆ ತೊಟ್ಟಿ ಇಟ್ಟಂತೆ ಒತ್ತಡ ಹೆಚ್ಚುತ್ತದೆ. ವೋಲ್ಟುಗಳನ್ನು ಕೂಡಬೇಕು, ಆಂಪಿಯರ್-ಗಂಟೆ ಒಂದು ಬ್ಯಾಟರಿಯದಷ್ಟೇ. ಟಾರ್ಚಿನಲ್ಲಿ ಸೆಲ್ಲುಗಳನ್ನು ಒಂದರ ಹಿಂದೊಂದು ಹಾಕುವುದು ಇದೇ ಕ್ರಮ. 1800ರಲ್ಲಿ ಇಟಲಿಯ ವೋಲ್ಟಾ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಮೊದಲ ವಿದ್ಯುತ್ ರಾಶಿಯೂ ಇದೇ ಬಗೆಯದು.

ಎಲ್ಲ ಧನಾಗ್ರಗಳನ್ನು ಒಟ್ಟಿಗೆ, ಎಲ್ಲ ಋಣಾಗ್ರಗಳನ್ನು ಒಟ್ಟಿಗೆ ಜೋಡಿಸಿದರೆ ಅದು ಸಮಾಂತರ ಜೋಡಣೆ. ಒಂದೇ ಮಟ್ಟದಲ್ಲಿರುವ ಎರಡು ತೊಟ್ಟಿಗಳ ತಳವನ್ನು ಕೊಳವೆಯಿಂದ ಸೇರಿಸಿದ ಹಾಗೆ. ನೀರಿನ ಮಟ್ಟ ಹೆಚ್ಚುವುದಿಲ್ಲ, ಸಂಗ್ರಹ ಹೆಚ್ಚುತ್ತದೆ. ವೋಲ್ಟ್ ಒಂದು ಬ್ಯಾಟರಿಯದಷ್ಟೇ, ಆಂಪಿಯರ್-ಗಂಟೆಗಳನ್ನು ಕೂಡಬೇಕು.

12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಗಳನ್ನು ತೆಗೆದುಕೊಂಡರೆ ಲೆಕ್ಕ ಹೀಗಾಗುತ್ತದೆ:

ಒಂದೇ ಬ್ಯಾಟರಿ — 12 ವೋಲ್ಟ್, 100 ಆಂಪಿಯರ್-ಗಂಟೆ, 1200 ವ್ಯಾಟ್-ಗಂಟೆ
ಎರಡು, ಸರಣಿಯಲ್ಲಿ — 24 ವೋಲ್ಟ್, 100 ಆಂಪಿಯರ್-ಗಂಟೆ, 2400 ವ್ಯಾಟ್-ಗಂಟೆ
ಎರಡು, ಸಮಾಂತರದಲ್ಲಿ — 12 ವೋಲ್ಟ್, 200 ಆಂಪಿಯರ್-ಗಂಟೆ, 2400 ವ್ಯಾಟ್-ಗಂಟೆ
ನಾಲ್ಕು, ಎರಡೆರಡು ಸರಣಿಯ ಎರಡು ಸಾಲು ಸಮಾಂತರದಲ್ಲಿ — 24 ವೋಲ್ಟ್, 200 ಆಂಪಿಯರ್-ಗಂಟೆ, 4800 ವ್ಯಾಟ್-ಗಂಟೆ

ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಎರಡು ಬ್ಯಾಟರಿಗಳನ್ನು ಹೇಗೆ ಜೋಡಿಸಿದರೂ ಒಟ್ಟು ಸಂಗ್ರಹ 2400 ವ್ಯಾಟ್-ಗಂಟೆಯೇ. ಜೋಡಣೆಯ ಕ್ರಮವು ವಿದ್ಯುತ್ತನ್ನು ಹೊಸದಾಗಿ ಸೃಷ್ಟಿಸುವುದಿಲ್ಲ. ಯಾವ ಉಪಕರಣಕ್ಕೆ ಯಾವ ಒತ್ತಡ ಬೇಕು ಎಂಬುದರ ಮೇಲೆ ಕ್ರಮವನ್ನು ಆರಿಸಬೇಕು. 12 ವೋಲ್ಟಿನ ಬೇಲಿ ಯಂತ್ರಕ್ಕೆ 24 ವೋಲ್ಟ್ ಕೊಟ್ಟರೆ ಯಂತ್ರ ಸುಟ್ಟುಹೋಗುತ್ತದೆ. ಆದುದರಿಂದ ಉಪಕರಣ 12 ವೋಲ್ಟಿನದಾಗಿದ್ದು, ಹೆಚ್ಚು ಹೊತ್ತು ನಡೆಯಬೇಕಾಗಿದ್ದರೆ ಸಮಾಂತರ ಜೋಡಣೆಯೇ ಸರಿ.

ಕಾಗದದ ಲೆಕ್ಕಕ್ಕೂ ಕೈಗೆ ಸಿಗುವುದಕ್ಕೂ ಇರುವ ಅಂತರ

ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್-ಗಂಟೆ ಪೂರ್ತಿಯಾಗಿ ಉಪಯೋಗಕ್ಕೆ ಬರುವುದಿಲ್ಲ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು, ಸೀಸದ ಬ್ಯಾಟರಿಯನ್ನು ಬರಿದಾಗುವವರೆಗೆ ಉಪಯೋಗಿಸಬಾರದು. ಪದೇ ಪದೇ ಪೂರ್ತಿ ಬರಿದು ಮಾಡಿದರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು, ಮತ್ತೆ ಚಾರ್ಜು ಹಿಡಿಯುವ ಗುಣ ಕಡಿಮೆಯಾಗುತ್ತದೆ. ದಿನನಿತ್ಯದ ಉಪಯೋಗಕ್ಕೆ ಅರ್ಧದಷ್ಟನ್ನು ಮಾತ್ರ ಬಳಸುವಂತೆ ಲೆಕ್ಕ ಹಾಕುವುದು ಒಳ್ಳೆಯದು. ಬಿತ್ತನೆಗೆ ಇಟ್ಟ ಕಾಳನ್ನು ಊಟಕ್ಕೆ ತೆಗೆಯದಂತೆ ಉಳಿದರ್ಧವನ್ನು ಮುಟ್ಟದೆ ಬಿಡಬೇಕು.

ಎರಡನೆಯದು, ವಿದ್ಯುತ್ತನ್ನು ರಭಸದಿಂದ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಪ್ರಮಾಣ ಕಡಿಮೆಯಾಗುತ್ತದೆ. ಈ ಗುಣವನ್ನು 1897ರಲ್ಲಿ ಜರ್ಮನಿಯ ಪ್ಯೂಕರ್ಟ್ ಎಂಬ ವಿಜ್ಞಾನಿ ಸೂತ್ರರೂಪದಲ್ಲಿ ತಿಳಿಸಿದನು. ಬ್ಯಾಟರಿಯ ಮೇಲೆ 'ಸಿ-20' ಎಂದು ಬರೆದಿದ್ದರೆ ಆ ಆಂಪಿಯರ್-ಗಂಟೆಯು 20 ಗಂಟೆಗಳಲ್ಲಿ ನಿಧಾನವಾಗಿ ತೆಗೆದಾಗ ಸಿಗುವ ಪ್ರಮಾಣವೆಂದು ಅರ್ಥ. 'ಸಿ-10' ಎಂದಿದ್ದರೆ 10 ಗಂಟೆಗಳಲ್ಲಿ ತೆಗೆದಾಗ ಸಿಗುವುದು. 20 ಗಂಟೆಯ ದರಕ್ಕಿಂತ ಹೆಚ್ಚು ರಭಸದಿಂದ ತೆಗೆದರೆ, ಸಾಮಾನ್ಯ ಸೀಸದ ಬ್ಯಾಟರಿಯಲ್ಲಿ ಅಂದಾಜು ಹೀಗೆ ಸಿಗುತ್ತದೆ:

20 ಗಂಟೆಯ ದರದಲ್ಲಿ — ನೂರಕ್ಕೆ 100
ಅದರ ಎರಡರಷ್ಟು ರಭಸದಲ್ಲಿ — ನೂರಕ್ಕೆ 87
ಮೂರರಷ್ಟು ರಭಸದಲ್ಲಿ — ನೂರಕ್ಕೆ 80
ನಾಲ್ಕರಷ್ಟು ರಭಸದಲ್ಲಿ — ನೂರಕ್ಕೆ 76
ಐದರಷ್ಟು ರಭಸದಲ್ಲಿ — ನೂರಕ್ಕೆ 72

ಸಮಾಂತರ ಜೋಡಣೆಯ ನಿಜವಾದ ಲಾಭ ಇಲ್ಲಿದೆ. ಒಂದೇ ರೀತಿಯ ಎರಡು ಬ್ಯಾಟರಿಗಳು ಹೊರೆಯನ್ನು ಸಮನಾಗಿ ಹಂಚಿಕೊಳ್ಳುವುದರಿಂದ ಪ್ರತಿಯೊಂದರ ಮೇಲಿನ ರಭಸ ಅರ್ಧವಾಗುತ್ತದೆ. ಆಗ ಪ್ರತಿಯೊಂದೂ ಒಂಟಿಯಾಗಿದ್ದಾಗ ಕೊಡುತ್ತಿದ್ದುದಕ್ಕಿಂತ ಹೆಚ್ಚು ವಿದ್ಯುತ್ ಕೊಡುತ್ತದೆ. ಜೋಡೆತ್ತು ನೊಗ ಹಂಚಿಕೊಂಡರೆ ಒಂಟಿ ಎತ್ತು ಉಳುವುದಕ್ಕಿಂತ ಎರಡರಷ್ಟಕ್ಕೂ ಮಿಕ್ಕಿ ಕೆಲಸವಾಗುವ ಹಾಗೆ. ಆದರೆ ಎತ್ತುಗಳು ಸಮನಾಗಿರಬೇಕು ಎಂಬ ಮಾತನ್ನು ಮರೆಯಬಾರದು.

ಉದಾಹರಣೆ 1: ಅರಕಲಗೂಡಿನ ಸೌರಬೇಲಿ

ಅರಕಲಗೂಡು ತಾಲ್ಲೂಕಿನ ಪಶ್ಚಿಮ ಭಾಗ ಅರೆಮಲೆನಾಡು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ದಿನಗಳು ಹೆಚ್ಚು. ಆದುದರಿಂದ ಸತತವಾಗಿ ಮೂರು ದಿನ ಬಿಸಿಲೇ ಬಾರದಿದ್ದರೂ ಬೇಲಿ ನಡೆಯುವಂತೆ ಲೆಕ್ಕ ಹಾಕಬೇಕು. ಮಳೆ ಕಡಿಮೆಯಿರುವ ಚನ್ನರಾಯಪಟ್ಟಣದ ಕಡೆ ಎರಡು ದಿನದ ಲೆಕ್ಕ ಸಾಕಾಗಬಹುದು.

ಬೇಲಿಯ ಯಂತ್ರದ ಮೇಲಿನ ಫಲಕದಲ್ಲಿ ಅದು ಎಷ್ಟು ಆಂಪಿಯರ್ ಎಳೆಯುತ್ತದೆಂದು ಬರೆದಿರುತ್ತದೆ. ಅದು 12 ವೋಲ್ಟಿನಲ್ಲಿ ಸರಾಸರಿ 0.4 ಆಂಪಿಯರ್ ಎಂದಿಟ್ಟುಕೊಂಡರೆ:

ದಿನಪೂರ್ತಿ ನಡೆಸಿದರೆ ಖರ್ಚು: 0.4 × 24 = 9.6 ಆಂಪಿಯರ್-ಗಂಟೆ.
ಮೂರು ದಿನದ ಖರ್ಚು: 9.6 × 3 = 28.8 ಆಂಪಿಯರ್-ಗಂಟೆ.
ಅರ್ಧ ಮಾತ್ರ ಬಳಸಬೇಕಾದುದರಿಂದ ಬೇಕಾದ ಬ್ಯಾಟರಿ: 28.8 × 2 = 57.6 ಆಂಪಿಯರ್-ಗಂಟೆ.

ಈಗ ರೈತನ ಬಳಿ 40 ಆಂಪಿಯರ್-ಗಂಟೆಯ ಒಂದೇ ಬ್ಯಾಟರಿ ಇದ್ದರೆ ಬಳಸಬಹುದಾದುದು 20 ಆಂಪಿಯರ್-ಗಂಟೆ. 20ನ್ನು 0.4ರಿಂದ ಭಾಗಿಸಿದರೆ 50 ಗಂಟೆ, ಅಂದರೆ ಎರಡು ದಿನಕ್ಕೆ ಮಾತ್ರ ಸ್ವಲ್ಪ ಹೆಚ್ಚು. ಮೂರನೆಯ ರಾತ್ರಿ ಬೇಲಿ ನಂಬಿಕೆಗೆ ಅರ್ಹವಲ್ಲ. ಅದೇ ರೀತಿಯ ಇನ್ನೊಂದು 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಸಮಾಂತರವಾಗಿ ಸೇರಿಸಿದರೆ ಒಟ್ಟು 80, ಬಳಸಬಹುದಾದುದು 40, ನಡೆಯುವ ಕಾಲ 100 ಗಂಟೆ. ನಾಲ್ಕು ದಿನ ದಾಟುತ್ತದೆ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ತಿಳಿಯಬಾರದು. ಬ್ಯಾಟರಿಯು ಕೆರೆ, ಸೌರಫಲಕವು ಮಳೆ. ಕೆರೆ ಎರಡಾದ ಮಾತ್ರಕ್ಕೆ ಮಳೆ ಎರಡರಷ್ಟಾಗುವುದಿಲ್ಲ. ದಿನದ 9.6 ಆಂಪಿಯರ್-ಗಂಟೆ ಎಂದರೆ 115 ವ್ಯಾಟ್-ಗಂಟೆ. ತಂತಿ, ಚಾರ್ಜು ನಿಯಂತ್ರಕ ಮತ್ತು ಬ್ಯಾಟರಿಯಲ್ಲಿ ಕಾಲುಭಾಗ ನಷ್ಟವಾಗುತ್ತದೆಂದು ಹಿಡಿದರೆ ಫಲಕದಿಂದ ದಿನಕ್ಕೆ ಸುಮಾರು 154 ವ್ಯಾಟ್-ಗಂಟೆ ಬರಬೇಕು. ಮುಂಗಾರಿನಲ್ಲಿ ಪೂರ್ಣ ಬಿಸಿಲಿಗೆ ಸಮನಾದುದು ದಿನಕ್ಕೆ 3 ಗಂಟೆ ಮಾತ್ರ ಸಿಕ್ಕೀತೆಂದರೆ 154 ÷ 3 = 51 ವ್ಯಾಟಿನ ಫಲಕ ದಿನದ ಖರ್ಚಿಗೇ ಬೇಕಾಗುತ್ತದೆ.

ಮೂರು ದಿನದ ಮೋಡ ಕಳೆದ ಮೇಲೆ ಬ್ಯಾಟರಿ ಮತ್ತೆ ತುಂಬಲು ಹಿಡಿಯುವ ಕಾಲವನ್ನೂ ನೋಡಬೇಕು. ದಿನಕ್ಕೆ 5 ಗಂಟೆ ಪೂರ್ಣ ಬಿಸಿಲು ಬಂದಾಗ:

40 ವ್ಯಾಟಿನ ಫಲಕ ಕೊಡುವುದು 40 × 5 × 0.75 = 150 ವ್ಯಾಟ್-ಗಂಟೆ, ಅಂದರೆ 12.5 ಆಂಪಿಯರ್-ಗಂಟೆ. ದಿನದ ಖರ್ಚು 9.6 ಕಳೆದರೆ ಉಳಿಯುವುದು 2.9. ಖಾಲಿಯಾದ 28.8 ತುಂಬಲು 10 ದಿನ ಬೇಕು.

75 ವ್ಯಾಟಿನ ಫಲಕ ಕೊಡುವುದು 281 ವ್ಯಾಟ್-ಗಂಟೆ, ಅಂದರೆ 23.4 ಆಂಪಿಯರ್-ಗಂಟೆ. ಖರ್ಚು ಕಳೆದು ಉಳಿಯುವುದು 13.8. ಎರಡು ದಿನಕ್ಕೆ ಸ್ವಲ್ಪ ಮೇಲೆ ತುಂಬುತ್ತದೆ.

ಮಳೆಗಾಲದಲ್ಲಿ ಹತ್ತು ದಿನ ಎಡೆಬಿಡದೆ ಬಿಸಿಲು ಬರುವುದು ಅಪರೂಪ. ಚಿಕ್ಕ ಫಲಕಕ್ಕೆ ಎರಡನೆಯ ಬ್ಯಾಟರಿ ಸೇರಿಸಿದವರು ಮೊದಲ ಮೋಡದ ಸುತ್ತನ್ನು ದಾಟುತ್ತಾರೆ, ಎರಡನೆಯ ಸುತ್ತಿನಲ್ಲಿ ಸೋಲುತ್ತಾರೆ. ಎರಡೂ ಬ್ಯಾಟರಿಗಳು ಅರೆತುಂಬಿದ ಸ್ಥಿತಿಯಲ್ಲೇ ವಾರಗಟ್ಟಲೆ ನಿಂತು ಒಟ್ಟಿಗೆ ಹಾಳಾಗುತ್ತವೆ. ಆದುದರಿಂದ ಬ್ಯಾಟರಿ ಹೆಚ್ಚಿಸುವಾಗ ಫಲಕವನ್ನೂ ಹೆಚ್ಚಿಸಬೇಕು.

ಹೊಸ ಬ್ಯಾಟರಿ ಕೊಳ್ಳುವ ಮೊದಲು ಬೇಲಿಯ ಸಾಲನ್ನು ಒಮ್ಮೆ ಸುತ್ತಿ ಬರುವುದು ಲೇಸು. ತಂತಿಗೆ ತಾಗಿದ ಹುಲ್ಲು, ಬಳ್ಳಿಗಳಿಂದ ವಿದ್ಯುತ್ ನೆಲಕ್ಕೆ ಸೋರಿ ಬೇಲಿಯ ಹೊಡೆತ ಕುಗ್ಗುತ್ತದೆ. ನೆಲಕ್ಕೆ ಹೂಳಿದ ಭೂಸಂಪರ್ಕದ ಸರಳು ತುಕ್ಕು ಹಿಡಿದಿದ್ದರೂ ಇದೇ ಪರಿಣಾಮ. ಈ ದೋಷಗಳಿಗೆ ಕುಡುಗೋಲು ಮದ್ದೇ ಹೊರತು ಎರಡನೆಯ ಬ್ಯಾಟರಿಯಲ್ಲ.

ಬ್ಯಾಟರಿ ಕೈಕೊಟ್ಟಿತೆಂದು ಬೇಲಿಗೆ ಮನೆಯ ಅಥವಾ ಪಂಪಿನ ವಿದ್ಯುತ್ ಸಾಲಿನಿಂದ ನೇರವಾಗಿ ಸಂಪರ್ಕ ಕೊಡುವುದು ಎಂದಿಗೂ ಕೂಡದು. ಸೌರಬೇಲಿಯ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತದೆ. ಪ್ರಾಣಿ ಹೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. 230 ವೋಲ್ಟಿನ ಸಾಲು ಹಿಡಿದವರನ್ನು ಬಿಡುವುದಿಲ್ಲ. ಆನೆ, ದನಕರು, ಕೊನೆಗೆ ಬೆಳಗಿನ ಜಾವ ನೀರು ಕಟ್ಟಲು ಹೋದ ಮನೆಯವರೇ ಬಲಿಯಾಗಬಹುದು. ಇದು ವಿದ್ಯುತ್ ಕಾಯಿದೆ ಹಾಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗಳ ಪ್ರಕಾರ ಅಪರಾಧವೂ ಹೌದು.

ಉದಾಹರಣೆ 2: ಆಲೂಗೆಡ್ಡೆಗೆ ಸಿಂಪರಣೆ

ಹಾಸನದ ಮುಂಗಾರು ಆಲೂಗೆಡ್ಡೆಗೆ ಕೊನೆಯ ಅಂಗಮಾರಿ ರೋಗ ಬಂದರೆ ತಂಪು, ತೇವದ ಹವೆಯಲ್ಲಿ ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತಾಗುತ್ತದೆ. ಮಳೆ ಬಿಡುವು ಕೊಟ್ಟ ಕೆಲವು ಗಂಟೆಗಳಲ್ಲಿ ಸಿಂಪರಣೆ ಮುಗಿಸಬೇಕು. ಆ ಹೊತ್ತಿನಲ್ಲಿ ಬ್ಯಾಟರಿ ಮುಗಿದರೆ ಬೆಳೆಯೂ ಮುಗಿದಂತೆ.

ಬೆನ್ನಿನ ಸಿಂಪರಣಾ ಯಂತ್ರಗಳಲ್ಲಿ 12 ವೋಲ್ಟ್, 8 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸಾಮಾನ್ಯ. ಪಂಪು 2 ಆಂಪಿಯರ್ ಎಳೆಯುವುದಾದರೆ ಕಾಗದದ ಮೇಲೆ 4 ಗಂಟೆ. ಆದರೆ ಈ ಬ್ಯಾಟರಿಯ 20 ಗಂಟೆಯ ದರ 0.4 ಆಂಪಿಯರ್. 2 ಆಂಪಿಯರ್ ಎಂದರೆ ಅದರ ಐದರಷ್ಟು. ಮೇಲಿನ ಪಟ್ಟಿಯಂತೆ ನೂರಕ್ಕೆ 72 ಮಾತ್ರ, ಅಂದರೆ 5.8 ಆಂಪಿಯರ್-ಗಂಟೆ ಸಿಗುತ್ತದೆ. ಪೂರ್ತಿ ಬರಿದು ಮಾಡಿದರೂ 3 ಗಂಟೆಗಿಂತ ಹೆಚ್ಚು ನಡೆಯಲಾರದು.

ಇಂತಹುದೇ ಇನ್ನೊಂದು ಬ್ಯಾಟರಿಯನ್ನು ಸಮಾಂತರವಾಗಿ ಜೋಡಿಸಿದರೆ 16 ಆಂಪಿಯರ್-ಗಂಟೆಯಾಗುತ್ತದೆ, ಕಾಲವೂ ಎರಡರಷ್ಟಕ್ಕೆ ಮೀರುತ್ತದೆ. ಆದರೂ ಇಲ್ಲಿ ಸಮಾಂತರ ಜೋಡಣೆ ಯೋಗ್ಯವಲ್ಲ. ಔಷಧಿ ತುಂಬಿದ ತೊಟ್ಟಿಯ ಜೊತೆಗೆ ಎರಡು ಬ್ಯಾಟರಿಗಳ ಭಾರವನ್ನು ಕೆಸರಿನ ಸಾಲಿನಲ್ಲಿ ಹೊರಬೇಕಾಗುತ್ತದೆ. ಎರಡನೆಯ ಬ್ಯಾಟರಿಯನ್ನು ತುಂಬಿಸಿ ಬದುವಿನ ಮೇಲೆ ಇಟ್ಟುಕೊಂಡು, ಮೊದಲನೆಯದು ಕುಂದಿದಾಗ ಬದಲಾಯಿಸುವುದೇ ಮೇಲು. ಸೀಸದ ಬ್ಯಾಟರಿಯ ಜೊತೆ ಲಿಥಿಯಂ ಬ್ಯಾಟರಿಯನ್ನು ಸಮಾಂತರವಾಗಿ ಜೋಡಿಸಲೇಬಾರದು. ಎರಡರ ವೋಲ್ಟ್ ಮತ್ತು ಚಾರ್ಜಿನ ಕ್ರಮ ಬೇರೆ ಬೇರೆ.

ಉದಾಹರಣೆ 3: ತೋಟದ ಮನೆಯ ಇನ್ವರ್ಟರ್

ಚನ್ನರಾಯಪಟ್ಟಣದ ಒಂದು ತೋಟದ ಮನೆಯಲ್ಲಿ 9 ವ್ಯಾಟಿನ 4 ಎಲ್‌ಇಡಿ ದೀಪಗಳು, 70 ವ್ಯಾಟಿನ 2 ಹಳೆಯ ಫ್ಯಾನುಗಳು, 60 ವ್ಯಾಟಿನ ಒಂದು ಟಿ.ವಿ. ಇವೆಯೆಂದು ಭಾವಿಸೋಣ. ಒಟ್ಟು 36 + 140 + 60 = 236, ಅಂದಾಜು 240 ವ್ಯಾಟ್. ಇನ್ವರ್ಟರಿನಲ್ಲಿ ಐದನೆಯ ಒಂದು ಭಾಗ ನಷ್ಟವೆಂದರೆ ಬ್ಯಾಟರಿಯಿಂದ ಬರಬೇಕಾದುದು 240 ÷ 0.8 = 300 ವ್ಯಾಟ್. 12 ವೋಲ್ಟಿನಲ್ಲಿ ಇದು 25 ಆಂಪಿಯರ್.

ಒಂದು 150 ಆಂಪಿಯರ್-ಗಂಟೆಯ ಬ್ಯಾಟರಿ: ಇದರ 20 ಗಂಟೆಯ ದರ 7.5 ಆಂಪಿಯರ್. 25 ಆಂಪಿಯರ್ ಅದರ ಮೂರರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಸಿಗುವುದು ಸುಮಾರು 118 ಆಂಪಿಯರ್-ಗಂಟೆ. ಅರ್ಧ ಬಳಸಿದರೆ 59. ನಡೆಯುವ ಕಾಲ 59 ÷ 25, ಅಂದರೆ ಸುಮಾರು 2 ಗಂಟೆ 20 ನಿಮಿಷ.

ಅಂತಹ ಎರಡು ಸಮಾಂತರದಲ್ಲಿ: ಪ್ರತಿಯೊಂದೂ 12.5 ಆಂಪಿಯರ್ ಕೊಡುತ್ತದೆ. ಪ್ರತಿಯೊಂದರಿಂದ ಸಿಗುವುದು ಸುಮಾರು 135, ಎರಡರಿಂದ 270 ಆಂಪಿಯರ್-ಗಂಟೆ. ಅರ್ಧ ಬಳಸಿದರೆ 135. ನಡೆಯುವ ಕಾಲ 135 ÷ 25, ಅಂದರೆ ಸುಮಾರು 5 ಗಂಟೆ 20 ನಿಮಿಷ. ಎರಡರಷ್ಟಲ್ಲ, ಅದಕ್ಕೂ ಹೆಚ್ಚು.

ಇಲ್ಲಿಯೂ ತುಂಬಿಸುವ ಮಾತು ಬರುತ್ತದೆ. ಇನ್ವರ್ಟರ್ 15 ಆಂಪಿಯರಿನಂತೆ ಚಾರ್ಜು ಮಾಡುವುದಾದರೆ, 135 ಆಂಪಿಯರ್-ಗಂಟೆಯನ್ನು ಮರಳಿ ತುಂಬಲು 9 ಗಂಟೆ, ನಷ್ಟ ಸೇರಿ ಸುಮಾರು 11 ಗಂಟೆ ಬೇಕು. ಅಷ್ಟು ಹೊತ್ತು ವಿದ್ಯುತ್ ಸತತವಾಗಿ ಬಾರದ ಊರಿನಲ್ಲಿ ಎರಡನೆಯ ಬ್ಯಾಟರಿ ಎಂದೂ ತುಂಬುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಎರಡು ಹಳೆಯ ಫ್ಯಾನುಗಳ ಬದಲು 30 ವ್ಯಾಟಿನ ಹೊಸ ಬಗೆಯ ಫ್ಯಾನುಗಳನ್ನು ಹಾಕಿದರೆ ಹೊರೆ 156 ವ್ಯಾಟಿಗೆ ಇಳಿದು, ಬ್ಯಾಟರಿಯಿಂದ ಎಳೆಯುವುದು ಸುಮಾರು 16 ಆಂಪಿಯರ್ ಆಗುತ್ತದೆ. ಆಗ ಅದೇ ಒಂಟಿ ಬ್ಯಾಟರಿ 4 ಗಂಟೆ ನಡೆಯುತ್ತದೆ. ಹೊರೆ ಇಳಿಸುವುದು ಅನೇಕ ವೇಳೆ ಬ್ಯಾಟರಿ ಏರಿಸುವುದಕ್ಕಿಂತ ಅಗ್ಗ.

ಪಂಪುಸೆಟ್ಟನ್ನು ಬ್ಯಾಟರಿಯಿಂದ ನಡೆಸಬಹುದೇ?

ಹೇಮಾವತಿ ದಂಡೆಯ ಹೊಳೆನರಸೀಪುರದಲ್ಲಾಗಲಿ, ಬೋರ್‌ವೆಲ್ ನಂಬಿದ ಚನ್ನರಾಯಪಟ್ಟಣದಲ್ಲಾಗಲಿ ಈ ಪ್ರಶ್ನೆ ಸಹಜ. ಲೆಕ್ಕವೇ ಉತ್ತರ ಹೇಳುತ್ತದೆ. 5 ಅಶ್ವಶಕ್ತಿ ಎಂದರೆ 5 × 746 = 3730 ವ್ಯಾಟ್. ಮೋಟಾರಿನ ನಷ್ಟ ಸೇರಿದರೆ ಸುಮಾರು 5000 ವ್ಯಾಟ್, ಇನ್ವರ್ಟರಿನ ನಷ್ಟ ಸೇರಿದರೆ ಸುಮಾರು 5900 ವ್ಯಾಟ್. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಒಟ್ಟು 1800, ಬಳಸಬಹುದಾದುದು 900 ವ್ಯಾಟ್-ಗಂಟೆ. ಒಂದೇ ಗಂಟೆ ಪಂಪು ನಡೆಸಲು ಕಾಗದದ ಮೇಲೆಯೇ 7 ಬ್ಯಾಟರಿ ಬೇಕು. ಇಷ್ಟು ರಭಸದಲ್ಲಿ ಎಳೆದಾಗ ಸಿಗುವ ಪ್ರಮಾಣ ಕುಗ್ಗುವುದರಿಂದ ವಾಸ್ತವವಾಗಿ ಹತ್ತಾದರೂ ಬೇಕಾದೀತು. ಇದು ರೈತರಿಗೆ ಲಾಭದಾಯಕವಲ್ಲ. ಸೌರಪಂಪನ್ನು ಬಿಸಿಲಿರುವಾಗ ನೇರವಾಗಿ ನಡೆಸಿ, ನೀರನ್ನು ತೊಟ್ಟಿ ಅಥವಾ ಕೃಷಿಹೊಂಡದಲ್ಲಿ ತುಂಬಿಟ್ಟುಕೊಳ್ಳಬೇಕು. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ನೀರನ್ನು ಕೂಡಿಡುವುದು ಸುಲಭ.

ಸಮನಲ್ಲದ ಬ್ಯಾಟರಿಗಳನ್ನು ಜೋಡಿಸಿದರೆ

ಹಳೆಯದರ ಜೊತೆ ಹೊಸದನ್ನು ಜೋಡಿಸುವುದು ಎಲ್ಲೆಡೆ ಕಾಣುವ ತಪ್ಪು. 80 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿ ಸವೆದು ಈಗ 40ರಷ್ಟೇ ಹಿಡಿಯುತ್ತಿದ್ದರೆ, ಹೊಸ 80ರ ಜೊತೆ ಸೇರಿದಾಗ ಒಟ್ಟು 160 ಅಲ್ಲ, 120. ಅದೂ ಆರಂಭದಲ್ಲಿ ಮಾತ್ರ. ಹೊಸದರ ಮೇಲೆ ಹೆಚ್ಚು ಹೊರೆ ಬೀಳುತ್ತದೆ. ಹಳೆಯದರ ಒಂದು ಕೋಶ ಒಳಗೇ ಕೂಡಿಕೊಂಡು ಕೆಟ್ಟರೆ ಅದು 12 ವೋಲ್ಟಿನ ಬದಲು 10 ವೋಲ್ಟಿನ ಬ್ಯಾಟರಿಯಾಗುತ್ತದೆ. ಆಗ ಒಳ್ಳೆಯ ಬ್ಯಾಟರಿಯ ವಿದ್ಯುತ್ತೆಲ್ಲ ಹಗಲಿರುಳು ಕೆಟ್ಟದ್ದಕ್ಕೆ ಹರಿದು ಎರಡೂ ಹಾಳಾಗುತ್ತವೆ. ತುಂಬಿದ ಕೆರೆಯ ತೂಬನ್ನು ಒಡೆದ ಕೆರೆಗೆ ತೆರೆದ ಹಾಗೆ.

ಬ್ಯಾಟರಿಗಳು ಒಳ್ಳೆಯವೇ ಆಗಿದ್ದರೂ ಒಂದು ತುಂಬಿ ಒಂದು ಬರಿದಾಗಿರುವಾಗ ಜೋಡಿಸಬಾರದು. ಒಂದರಲ್ಲಿ 12.7 ವೋಲ್ಟ್, ಇನ್ನೊಂದರಲ್ಲಿ 12.0 ವೋಲ್ಟ್ ಇದ್ದರೆ ವ್ಯತ್ಯಾಸ 0.7. ಬ್ಯಾಟರಿಗಳ ಒಳರೋಧ ಮತ್ತು ತಂತಿಯ ರೋಧ ಸೇರಿ 0.03 ಓಮ್ ಎಂದರೆ, ಜೋಡಿಸಿದ ಕೂಡಲೇ 0.7 ÷ 0.03 = 23 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಕೈತಪ್ಪಿ ಧನಾಗ್ರಕ್ಕೆ ಋಣಾಗ್ರವನ್ನು ಎರಡೂ ಕಡೆ ಜೋಡಿಸಿದರೆ 24 ವೋಲ್ಟನ್ನು 0.03ರಿಂದ ಭಾಗಿಸಿ ನೋಡಿ: 800 ಆಂಪಿಯರ್. ತಂತಿ ಕರಗಿ, ಬ್ಯಾಟರಿ ಸಿಡಿದು, ಆಮ್ಲ ಮುಖಕ್ಕೆ ಹಾರಲು ಇಷ್ಟೇ ಸಾಕು.

ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬೇಲಿಗೆ ಅಥವಾ ಮನೆಗೆ ಜೋಡಿಸುವುದೂ ಸರಿಯಲ್ಲ. ಅದರ ಫಲಕಗಳು ತೆಳುವಾಗಿದ್ದು, ಕ್ಷಣಕಾಲ ಹೆಚ್ಚು ವಿದ್ಯುತ್ ಕೊಡಲು ಮಾಡಿದವು. ದಿನವೂ ಅರ್ಧ ಬರಿದಾಗುವ ಕೆಲಸಕ್ಕೆ ದಪ್ಪ ಫಲಕದ ಟ್ಯೂಬುಲರ್ ಬ್ಯಾಟರಿಯೇ ಬೇಕು.

ಜೋಡಿಸುವ ಕ್ರಮ

1. ಒಂದೇ ತಯಾರಿಕೆಯ, ಒಂದೇ ಅಳತೆಯ, ಒಂದೇ ಕಾಲದಲ್ಲಿ ಕೊಂಡ ಬ್ಯಾಟರಿಗಳನ್ನೇ ಜೋಡಿಸಬೇಕು.

2. ಜೋಡಿಸುವ ಮೊದಲು ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜು ಮಾಡಿ, ಕೆಲವು ಗಂಟೆ ಬಿಟ್ಟು ಮೀಟರಿನಿಂದ ಅಳೆಯಬೇಕು. ತುಂಬಿದ ಬ್ಯಾಟರಿ ಸುಮಾರು 12.6ರಿಂದ 12.7 ವೋಲ್ಟ್ ತೋರಿಸುತ್ತದೆ. ಎರಡರ ನಡುವಿನ ವ್ಯತ್ಯಾಸ 0.1 ವೋಲ್ಟಿಗಿಂತ ಹೆಚ್ಚಿರಬಾರದು. 12.2ಕ್ಕೆ ಇಳಿದರೆ ಅರ್ಧ ಮುಗಿದಂತೆ.

3. ಧನಾಗ್ರಕ್ಕೆ ಧನಾಗ್ರ, ಋಣಾಗ್ರಕ್ಕೆ ಋಣಾಗ್ರ. ಧನಾಗ್ರಕ್ಕೆ ಕೆಂಪು, ಋಣಾಗ್ರಕ್ಕೆ ಕಪ್ಪು ತಂತಿ ಉಪಯೋಗಿಸಬೇಕು. ಜೋಡಿಸುವ ತಂತಿಗಳು ದಪ್ಪವಾಗಿದ್ದು ಸಮಾನ ಉದ್ದವಾಗಿರಬೇಕು.

4. ಉಪಕರಣಕ್ಕೆ ಹೋಗುವ ಧನ ತಂತಿಯನ್ನು ಮೊದಲ ಬ್ಯಾಟರಿಯಿಂದಲೂ, ಋಣ ತಂತಿಯನ್ನು ಕೊನೆಯ ಬ್ಯಾಟರಿಯಿಂದಲೂ ಕರ್ಣರೇಖೆಯಂತೆ ತೆಗೆಯಬೇಕು. ಎರಡನ್ನೂ ಒಂದೇ ಬ್ಯಾಟರಿಯಿಂದ ತೆಗೆದರೆ ಅದೇ ಹೆಚ್ಚು ದುಡಿದು ಬೇಗ ಸವೆಯುತ್ತದೆ.

5. ಪ್ರತಿ ಬ್ಯಾಟರಿಯ ಧನ ತಂತಿಗೂ ಒಂದು ಫ್ಯೂಸ್ ಇರಲಿ.

6. ಬ್ಯಾಟರಿಗಳನ್ನು ಗಾಳಿಯಾಡುವ ಕಡೆ ಇಡಬೇಕು. ಚಾರ್ಜು ಆಗುವಾಗ ಹೊರಬರುವ ಜಲಜನಕ ಅನಿಲ ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಹತ್ತಿರ ಬೀಡಿ, ದೀಪ ಬೇಡ.

7. ಕೋಶಗಳಲ್ಲಿ ದ್ರವ ಇಳಿದಾಗ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಆಮ್ಲವನ್ನು ಸೇರಿಸುವುದು ಬೇಡ.

8. ತಿಂಗಳಿಗೊಮ್ಮೆ ಹೈಡ್ರೋಮೀಟರಿನಿಂದ ಆರೂ ಕೋಶಗಳನ್ನು ಪರೀಕ್ಷಿಸಬೇಕು. ಐದು ಕೋಶಗಳು 1.240 ತೋರಿಸಿ ಒಂದು ಮಾತ್ರ 1.150 ತೋರಿಸಿದರೆ ಆ ಕೋಶ ಕೆಟ್ಟಿದೆಯೆಂದು ತಿಳಿದು, ಆ ಬ್ಯಾಟರಿಯನ್ನು ಕೂಡಲೇ ಜೋಡಣೆಯಿಂದ ಬೇರ್ಪಡಿಸಬೇಕು.

9. ಸವೆದ ಬ್ಯಾಟರಿಯನ್ನು ಹೊಲದ ಬದುವಿಗೆ, ಬಾವಿಯ ಹತ್ತಿರ ಎಸೆಯಬಾರದು. ಸೀಸವು ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಅದರ ಸಂಗ್ರಹಣೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸುವುದು ಕ್ರಮ.

ನೆನಪಿನಲ್ಲಿಡಬೇಕಾದ ಸೂತ್ರಗಳು

ಸಮಾಂತರದಲ್ಲಿ ಒಟ್ಟು ವೋಲ್ಟ್ = ಒಂದು ಬ್ಯಾಟರಿಯ ವೋಲ್ಟ್
ಸಮಾಂತರದಲ್ಲಿ ಒಟ್ಟು ಆಂಪಿಯರ್-ಗಂಟೆ = ಎಲ್ಲ ಬ್ಯಾಟರಿಗಳ ಆಂಪಿಯರ್-ಗಂಟೆಗಳ ಮೊತ್ತ
ಒಟ್ಟು ವ್ಯಾಟ್-ಗಂಟೆ = ವೋಲ್ಟ್ × ಒಟ್ಟು ಆಂಪಿಯರ್-ಗಂಟೆ
ನಡೆಯುವ ಗಂಟೆ = ಸಿಗುವ ಆಂಪಿಯರ್-ಗಂಟೆಯ ಅರ್ಧ ÷ ಎಳೆಯುವ ಆಂಪಿಯರ್

ಅಂಗಡಿಗೆ ಹೋಗುವ ಮುನ್ನ ಉಪಕರಣದ ಫಲಕದ ಮೇಲಿನ ವೋಲ್ಟ್ ಮತ್ತು ಆಂಪಿಯರನ್ನು ಚೀಟಿಯಲ್ಲಿ ಬರೆದುಕೊಂಡು ಈ ನಾಲ್ಕು ಸಾಲುಗಳ ಲೆಕ್ಕ ಮಾಡಿದರೆ, ಎಷ್ಟು ಬ್ಯಾಟರಿ ಬೇಕು, ಅಥವಾ ಬೇಕೇ ಇಲ್ಲವೇ ಎಂಬುದು ಮನೆಯಲ್ಲೇ ತಿಳಿಯುತ್ತದೆ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಒಂದು ಮೀಟರು, ಒಂದು ಹೈಡ್ರೋಮೀಟರು ಹಿಡಿದು ಈ ಅಳತೆಗಳನ್ನು ಪ್ರತ್ಯಕ್ಷ ತೋರಿಸಿದರೆ ರೈತರಿಗೆ ಹೆಚ್ಚು ಮನದಟ್ಟಾಗುತ್ತದೆ. ಮುಂಗಾರಿನ ಮೋಡ ಕವಿಯುವ ಮೊದಲೇ, ಅಂದರೆ ಮೇ ತಿಂಗಳಿನಲ್ಲಿಯೇ, ಬೇಲಿಯ ಬ್ಯಾಟರಿ ಮತ್ತು ಫಲಕಗಳನ್ನು ಪರೀಕ್ಷಿಸಿಕೊಳ್ಳುವುದು ಉತ್ತಮ. ಬೆಳೆ ಬಂದ ಮೇಲೆ ಬೇಲಿ ಸರಿಪಡಿಸಲು ಪ್ರಾಣಿಗಳು ಸಮಯ ಕೊಡುವುದಿಲ್ಲ.